ಚಲಿಸುವ ಮನೆ, ನಿಶ್ಚಲ ತಾರೆ

ಮನೆಯೆಂದರೆ ನಿಂತಲ್ಲಿಯೇ ನಿಂತಿರತಕ್ಕದ್ದು, ತಾರೆಯೆಂದರೆ ಮೂಡಿ ಮುಳುಗತಕ್ಕದ್ದು. ತಲೆತಲಾಂತರದಿಂದ ನಾವು ನಂಬಿಕೊಂಡು ಬಂದ ಏರ್ಪಾಡು ಇದು. ಧ್ರುವನೊಬ್ಬನನ್ನು ಬಿಟ್ಟರೆ ಆಕಾಶದಲ್ಲಿ ನಿಂತವರಿಲ್ಲ. ಆಮೆಯನ್ನೂ ಬಸವನಹುಳುವನ್ನೂ ಬಿಟ್ಟರೆ ನೆಲದ ಮೇಲೆ ಮನೆಯನ್ನು ಹೊತ್ತು ನಡೆದವರಿಲ್ಲ. ಕಳೆದ ವರ್ಷದ ಬೇಸಗೆಯ ರಜೆಯಲ್ಲಿ ಈ ಏರ್ಪಾಡು ತಲೆಕೆಳಗಾದುದನ್ನು ನಾನು ಕಣ್ಣಾರೆ ಕಂಡೆ. ಇಂಗ್ಲೆಂಡಿನ ನೈಋತ್ಯ ಭಾಗದ ಸಾಮರ್‌ಸೆಟ್ ಪ್ರಾಂತದಲ್ಲಿ, ಮೈನ್‌ಹೆಡ್ ಎಂಬ ಕಡಲತಡಿಯ ಊರಿನ ಹೊರಗೆ, ನಡೆಯುವ ಮನೆಯೊಂದರ ಪಕ್ಕದಲ್ಲಿ ಹುಲ್ಲಿನ ಮೇಲೆ ಮೊಣಕಾಲೂರಿ, ಅಲುಗದೆ ನಿಂತ ತಾರೆಯೊಂದನ್ನು ಹುಡುಕುತ್ತ ಒಂದು ಸಂಜೆಯನ್ನೆಲ್ಲ ಕಳೆದೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಅಲಂಕಾರಶಾಸ್ತ್ರವನ್ನು ಬೋಧಿಸುತ್ತ ಬಂದಿರುವ ನನಗೆ ವಿರೋಧಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯ ಎಲ್ಲಿಯೂ ದೊರೆತಿರಲಿಲ್ಲ.

ನಡೆಯುವ ಮನೆ ನನ್ನ ಅಕ್ಕ-ಭಾವನವರದು. ಭಾವ ವೈದ್ಯರು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ದೇಶದ ರೋಗಿಗಳ ನಾಡಿ ಹಿಡಿದವರು. ನಿವೃತ್ತರಾದೊಡನೆ ಅವರು ಮಾಡಿದ ಮೊದಲ ಕೆಲಸವೆಂದರೆ ಹಳೆಯದೊಂದು ಮೋಟಾರ್‌ಹೋಮನ್ನು ಕೊಂಡದ್ದು. ನಿವೃತ್ತರಾದವರು ಊರಿನಲ್ಲೊಂದು ಮನೆ ಕಟ್ಟಿಸುವುದು ನಮ್ಮಲ್ಲಿಯ ಪದ್ಧತಿ. ಇವರು ಅದನ್ನು ಚಕ್ರದ ಮೇಲೆ ಕಟ್ಟಿಸಿಕೊಂಡರೆಂದು ನಾವೆಲ್ಲ ನಕ್ಕಿದ್ದೆವು. ಹೊರಗಿನಿಂದ ನೋಡಿದರೆ ಅದೊಂದು ಉದ್ದನೆಯ ಬಿಳಿಯ ವ್ಯಾನು. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಪುಟ್ಟ ಫ್ರಿಜ್ಜು, ಕೈ ಚಾಚಿದರೆ ಎರಡೂ ಗೋಡೆಗೆ ತಗಲುವ ಬಚ್ಚಲು. ಎಂಜಿನ್ನಿಗೊಂದು ಬ್ಯಾಟರಿ, ಸಂಸಾರಕ್ಕೆ ಇನ್ನೊಂದು. ಅಕ್ಕ ಅದರಲ್ಲಿಯೇ ಜೋಳದ ರೊಟ್ಟಿ ಬಡಿಯುತ್ತಾಳೆ. ಅವಳ ಕೈಯ ಲಯಕ್ಕೆ ಇಡೀ ಮನೆ ತನ್ನ ಸ್ಪ್ರಿಂಗುಗಳ ಮೇಲೆ ಮೆಲ್ಲನೆ ತೂಗುತ್ತದೆ. ನಾನು ಅದಕ್ಕೆ ‘ಗಾಡಿಮನೆ’ ಎಂದು ಹೆಸರಿಟ್ಟೆ. ಅದು ಅವರಿಗೂ ಒಪ್ಪಿಗೆಯಾಯಿತು.

ಭಾವನವರ ಕೈ ನಡುಗುತ್ತದೆ. ಇದನ್ನು ಬರೆಯಲು ಅವರೇ ಅನುಮತಿಯಿತ್ತಿದ್ದಾರೆ. “ರೋಗದ ಹೆಸರು ಹಿಡಿದು ಬರಿ. ಸುಮ್ಮನ ಮುಪ್ಪಿನ ನಡುಕ ಅಂತ ಕವಿತ್ವ ಮಾಡಬ್ಯಾಡ” ಎಂದಿದ್ದಾರೆ. ಅದು ಪಾರ್ಕಿನ್‌ಸನ್ ರೋಗ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಪ್ರಬಂಧವೊಂದರಲ್ಲಿ ಅದನ್ನು ವರ್ಣಿಸಿದ್ದರಿಂದ ಆ ಹೆಸರು. ಸುಮ್ಮನೆ ಇಟ್ಟ ಕೈ ನಡುಗುವುದು ಎಲ್ಲರ ಕಣ್ಣಿಗೂ ಬೀಳುವ ಲಕ್ಷಣ. ಆದರೆ ಮನುಷ್ಯನನ್ನು ಹೆಚ್ಚು ಕಾಡುವವು ಇತರರಿಗೆ ಕಾಣದ ಬಿಗಿತ ಮತ್ತು ಮಂದಗತಿ: ಅಂಗಿಯ ಗುಂಡಿ ಹಾಕುವುದು, ತಿರುಪು ತಿರುಗಿಸುವುದು, ಸಹಿ ಮಾಡುವುದು, ಇಂಥ ಸಣ್ಣ ಕೆಲಸಗಳೇ ಪರ್ವತವಾಗಿ ನಿಲ್ಲುತ್ತವೆ. ಗಾಡಿಮನೆಯನ್ನು ಕೊಂಡ ಮರುವರ್ಷವೇ ರೋಗ ತಲೆದೋರಿತು. ಈಗ ಗಾಡಿಯನ್ನು ನಡೆಸುವವಳು ಅಕ್ಕ. ನಾನು ಅಲ್ಲಿಗೆ ತಲುಪಿದ ಮೊದಲ ರಾತ್ರಿಯೇ ಅವಳು ಒಲೆಯ ಮುಂದೆ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದಳು: “ಈ ಸಲದ ತಿರುಗಾಟನ ಕಡೀದು ಅಂತಾರ. ಮುಂದಿನ ವರ್ಷ ಮಾರಿಬಿಡೋಣ ಅಂತಾರ. ನೀ ಏನೂ ಕೇಳಬ್ಯಾಡ.”

ನಾನು ಕೇಳಲಿಲ್ಲ. ಆ ದಿನ ಮಧ್ಯಾಹ್ನ ಮೂವರೂ ಮೈನ್‌ಹೆಡ್ಡಿನ ಕಡಲತಡಿಯಲ್ಲಿ ನಡೆದೆವು. ಇಂಗ್ಲೆಂಡಿನ ನೈಋತ್ಯ ತೀರವನ್ನೆಲ್ಲ ಬಳಸುವ ೬೩೦ ಮೈಲಿಯ ಕಾಲುದಾರಿ ಆರಂಭವಾಗುವುದು ಅಲ್ಲಿಂದ. ಅದರ ಗುರುತಿಗಾಗಿ ದೊಡ್ಡದೊಂದು ಶಿಲ್ಪವನ್ನು ನಿಲ್ಲಿಸಿದ್ದಾರೆ: ನಕ್ಷೆಯನ್ನು ಬಿಡಿಸಿ ಹಿಡಿದ ಎರಡು ಕೈಗಳು. ಭಾವ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಅವರ ಬಲಗೈ ಕೋಟಿನ ಜೇಬಿನಲ್ಲಿತ್ತು.

ಗಾಡಿಗಳು ತಂಗುವ ಮೈದಾನಕ್ಕೆ ನಾವು ಬಂದಾಗ ಸಂಜೆ ಆರು. ಜೂನ್ ತಿಂಗಳಾದ್ದರಿಂದ ಕತ್ತಲಾಗಲು ಇನ್ನೂ ಮೂರು ಗಂಟೆಯಿತ್ತು. ಅಕ್ಕ ಗಾಡಿಯನ್ನು ಹಿಮ್ಮುಖವಾಗಿ ನಡೆಸಿ, ನೆಲದ ಇಳಿಜಾರಿಗೆ ತಕ್ಕಂತೆ ಎರಡು ಚಕ್ರಗಳ ಕೆಳಗೆ ಬೆಣೆ ಕೊಟ್ಟು ನಿಲ್ಲಿಸಿದಳು. ಆಗ ಭಾವ ಮಡಿಸುವ ಕುರ್ಚಿಯೊಂದನ್ನು ಹಾಕಿಕೊಂಡು ಕುಳಿತು, “ಒಳಗ ನೀಲಿ ಚೀಲ ಐತಿ, ತಾ” ಎಂದರು.

ಚೀಲದಲ್ಲಿ ಅರವತ್ತು ಸೆಂಟಿಮೀಟರ್ ಅಗಲದ ಡಿಶ್ಶು, ಮಡಿಸುವ ಮುಕ್ಕಾಲಿ, ಸುರುಳಿ ಸುತ್ತಿದ ಕೇಬಲ್ಲು, ದಿಕ್ಸೂಚಿ, ಗೂಟಗಳು ಮತ್ತು ಸದ್ದು ಮಾಡುವ ಪುಟ್ಟದೊಂದು ಮಾಪಕ ಇದ್ದವು. ಉಪಗ್ರಹದಿಂದ ಬರುವ ದೂರದರ್ಶನವನ್ನು ಗಾಡಿಯೊಳಗಿನ ಟೀವಿಗೆ ಇಳಿಸುವ ಸಾಮಗ್ರಿ ಅದು. ನನಗೆ ತುಸು ಬೇಸರವೇ ಆಯಿತು. ಬೆಟ್ಟ, ಬಯಲು, ಕಡಲು ಮೂರೂ ಒಂದೇ ನೋಟಕ್ಕೆ ಸಿಗುವ ತಾಣಕ್ಕೆ ಬಂದು ಟೀವಿಯ ಮುಂದೆ ಕೂರುವುದೇ? ಮನಸ್ಸಿನಲ್ಲಿದ್ದುದನ್ನು ಬಾಯಿ ಬಿಟ್ಟು ಆಡಿಯೂ ಬಿಟ್ಟೆ. ಭಾವ ನಕ್ಕರು. “ನಾಳೆ ಗುಡ್ಡದ ದಾರಿ ಹಿಡಿಯೋದು. ಮಳಿ ಬರತೈತೋ ಇಲ್ಲೋ ಗೊತ್ತಾಗಬೇಕು. ಈ ಕಣಿವ್ಯಾಗ ಫೋನ್ ನಡಿಯಂಗಿಲ್ಲ. ಇರಲಿ, ನೋಡೋದು ಆಮ್ಯಾಲಿನ ಮಾತು. ಮೊದಲ ಹುಡುಕು.”

ಅವರು ‘ಹುಡುಕು’ ಎಂದ ರೀತಿಯಲ್ಲಿ ಏನೋ ಇತ್ತು. ಗುಂಡಿಯೊತ್ತಿದರೆ ತಾನಾಗಿಯೇ ತಿರುಗಿ ಉಪಗ್ರಹವನ್ನು ಹಿಡಿದುಕೊಳ್ಳುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಗಾಡಿಯ ಮಾಡಿನ ಮೇಲೆ ಗುಮ್ಮಟದಂತೆ ಕೂರುತ್ತವೆ. ಬೆಲೆ ಹೆಚ್ಚು, ಕಷ್ಟ ಕಡಿಮೆ. ಅಂಥದೊಂದನ್ನು ಹಾಕಿಸೋಣವೆಂದು ಅಕ್ಕ ಎರಡು ವರ್ಷಗಳಿಂದ ಹೇಳುತ್ತಿದ್ದಾಳೆ. ಅವರು ಬೇಡವೆನ್ನುತ್ತ ಬಂದಿದ್ದಾರೆ. ದಿನದ ಪ್ರಯಾಣ ಮುಗಿದ ಮೇಲೆ ಈ ಇಪ್ಪತ್ತು ನಿಮಿಷದ ಹುಡುಕಾಟ ಅವರ ಪಾಲಿನ ಕೆಲಸವಾಗಿತ್ತು. ಗಾಡಿಯ ಚಕ್ರ ಕೈತಪ್ಪಿದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಈ ವರ್ಷ ಅದೂ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಜೊತೆ ಕೈ. ಸಿಕ್ಕಿದ್ದು ಹಳಗನ್ನಡ ವ್ಯಾಕರಣ ಪಾಠ ಮಾಡುವ ಕೈ.

ಮೊದಲ ಪಾಠ ಮರದ್ದು. ಮುಕ್ಕಾಲಿಯನ್ನು ಊರುವ ಮುನ್ನ ಆಗ್ನೇಯ ದಿಕ್ಕಿನಲ್ಲಿ ಅಡ್ಡವೇನಿದೆ ಎಂದು ನೋಡಬೇಕು. ಬ್ರಿಟನ್ನಿನ ಮನೆಗಳಿಗೆ ಚಿತ್ರವನ್ನು ಬಿತ್ತರಿಸುವ ಆಸ್ಟ್ರಾ ಉಪಗ್ರಹಗಳು ಪೂರ್ವ ರೇಖಾಂಶ ೨೮.೨ ಡಿಗ್ರಿಯಲ್ಲಿ, ಆಫ್ರಿಕಾದ ನಡುವೆ ಹಾಯುವ ಸಮಭಾಜಕದ ನೆತ್ತಿಯ ಮೇಲೆ ನಿಂತಿವೆ. ಮೈನ್‌ಹೆಡ್ಡಿನಿಂದ ನೋಡಿದರೆ ಅವು ಉತ್ತರದಿಂದ ಬಲಕ್ಕೆ ಎಣಿಸಿ ೧೪೨ ಡಿಗ್ರಿಯಲ್ಲಿ, ಎಂದರೆ ಹೆಚ್ಚುಕಡಿಮೆ ನೆರೆಯ ಡನ್‌ಸ್ಟರ್ ಊರಿನ ದಿಕ್ಕಿನಲ್ಲಿ ಇವೆ. ದಿಗಂತದಿಂದ ಮೇಲಕ್ಕೆ ಕೇವಲ ೨೪ ಡಿಗ್ರಿ. ನಮ್ಮೂರಿನ ಮಾಳಿಗೆಗಳ ಮೇಲಿನ ಡಿಶ್ಶುಗಳು ನೆತ್ತಿಯತ್ತ ಮುಖವೆತ್ತಿ ನಿಂತಿರುತ್ತವೆ, ಏಕೆಂದರೆ ನಾವು ಸಮಭಾಜಕಕ್ಕೆ ಸಮೀಪದವರು. ಆ ಉತ್ತರದ ನಾಡಿನಲ್ಲಿ ಉಪಗ್ರಹ ಸಂಜೆಯ ಸೂರ್ಯನಂತೆ ತಗ್ಗಿನಲ್ಲಿರುತ್ತದೆ. ಆದ್ದರಿಂದ ಹತ್ತು ಮೀಟರ್ ಎತ್ತರದ ಮರವೊಂದು ಎದುರಿಗಿದ್ದರೆ ಡಿಶ್ಶು ಅದರಿಂದ ಇಪ್ಪತ್ತಮೂರು ಮೀಟರಾದರೂ ಹಿಂದೆ ಸರಿಯಬೇಕು. ಎಲೆ ತುಂಬಿದ ಕೊಂಬೆ ಈ ಅಲೆಗಳನ್ನು ತಡೆಯುತ್ತದೆ. ಗೃಹಸ್ಥನಿಗೆ ನೆರಳು ಬೇಕು, ಡಿಶ್ಶಿಗೆ ಬಯಲು ಬೇಕು. ಕೇಬಲ್ಲು ಉದ್ದವಿರುವುದು ಈ ಜಗಳವನ್ನು ತೀರಿಸುವುದಕ್ಕೆ. ನಾನು ಗಾಡಿಯಿಂದ ಹದಿನೈದು ಹೆಜ್ಜೆ ದೂರ ಹೋಗಿ ಮುಕ್ಕಾಲಿಯನ್ನು ಊರಿ, ಗಾಳಿಗೆ ಉರುಳದಂತೆ ಗೂಟ ಬಡಿದೆ.

ಇಲ್ಲಿ ವಾಚಕರು ಕೇಳಬಹುದು: ಉಪಗ್ರಹವೆಂದ ಮೇಲೆ ಅದು ಭೂಮಿಯನ್ನು ಸುತ್ತಬೇಕಲ್ಲವೆ, ನಿಂತಿರುವುದು ಹೇಗೆ? ಸುತ್ತುತ್ತದೆ ನಿಜ. ಆದರೆ ಸಮಭಾಜಕದ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲವೂ ಭೂಮಿ ತನ್ನ ಅಚ್ಚಿನ ಮೇಲೆ ಒಮ್ಮೆ ತಿರುಗುವ ಕಾಲವೂ ಒಂದೇ: ೨೩ ಗಂಟೆ ೫೬ ನಿಮಿಷ. ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಅದು ನಮ್ಮ ಕಣ್ಣಿಗೆ ನಿಶ್ಚಲ. ಇಂಥ ಕಕ್ಷೆಯ ಯೋಚನೆ ಮೊದಲೇ ಇತ್ತು. ಆದರೆ ಅಲ್ಲಿ ಮೂರು ನಿಲ್ದಾಣಗಳನ್ನು ನಿಲ್ಲಿಸಿದರೆ ಭೂಮಂಡಲಕ್ಕೆಲ್ಲ ಪ್ರಸಾರ ಮಾಡಬಹುದೆಂದು ೧೯೪೫ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ಲೇಖನ ಬರೆದು ವಿವರಿಸಿದವರು ಆರ್ಥರ್ ಸಿ. ಕ್ಲಾರ್ಕ್. ಆಗ ಅವರು ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಕೆಲಸದಲ್ಲಿದ್ದ ಇಪ್ಪತ್ತೇಳರ ತರುಣ. ಆ ನಿಲ್ದಾಣಗಳಲ್ಲಿ ಮನುಷ್ಯರು ವಾಸವಾಗಿರುತ್ತಾರೆಂದು ಅವರು ಭಾವಿಸಿದ್ದರು. ೧೯೬೪ರಲ್ಲಿ ಸಿಂಕಾಂ-೩ ಎಂಬ ಉಪಗ್ರಹ, ಯಾವ ನಿವಾಸಿಯೂ ಇಲ್ಲದೆ, ಮೊದಲಬಾರಿಗೆ ಅಂಥ ನಿಶ್ಚಲ ಕಕ್ಷೆಯಲ್ಲಿ ನಿಂತಿತು. ಈ ವಿಷಯವನ್ನೆಲ್ಲ ಭಾವ ಕುರ್ಚಿಯಲ್ಲಿ ಕುಳಿತು ಹೇಳಿದರು, ಹೇಳಿ, ಕಡಲಿನ ಕಡೆಗೆ ಕೈ ತೋರಿಸಿ, “ಕ್ಲಾರ್ಕ್ ಹುಟ್ಟಿದ್ದು ಇದ ಊರಾಗ. ೧೯೧೭ರಾಗ, ಬ್ಲೆನ್‌ಹೈಮ್ ರಸ್ತೆಯ ಒಂದು ಮನ್ಯಾಗ. ನಾ ಇಲ್ಲಿಗೆ ಯಾಕ ಬಂದೆ ಅಂದ್ಕೊಂಡಿ?” ಎಂದರು.

ಎರಡನೆಯ ಪಾಠ ತಂತಿಯದು. ಕೇಬಲ್ಲಿನ ತುದಿಯ ಹಿತ್ತಾಳೆಯ ತಿರುಪನ್ನು ಡಿಶ್ಶಿನ ಮುಂದೆ ಚಾಚಿದ ತೋಳಿನ ತುದಿಗೆ ಜೋಡಿಸಬೇಕು. ಅಲ್ಲಿರುವ ಮುಷ್ಟಿಗಾತ್ರದ ಡಬ್ಬಿಗೆ ಎಲ್‌ಎನ್‌ಬಿ ಎನ್ನುತ್ತಾರೆ. ಡಿಶ್ಶು ಒಂದುಗೂಡಿಸಿ ಕೊಟ್ಟ ಕ್ಷೀಣ ಅಲೆಗಳನ್ನು ಅದು ಬಲಗೊಳಿಸಿ, ತಂತಿಯಲ್ಲಿ ಹರಿಯಬಲ್ಲ ತಗ್ಗಿನ ಶ್ರುತಿಗೆ ಇಳಿಸಿ ಒಳಗೆ ಕಳುಹಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಒಳಗಿನ ಸೆಟ್‌ಟಾಪ್ ಪೆಟ್ಟಿಗೆಯಿಂದ ಅದೇ ತಂತಿಯಲ್ಲಿ ಮೇಲಕ್ಕೆ ಹೋಗುತ್ತದೆ. ಚಿತ್ರ ಅದೇ ತಂತಿಯಲ್ಲಿ ಕೆಳಕ್ಕೆ ಬರುತ್ತದೆ. ತಿರುಪಿನೊಳಗೆ ಹೊರ ಹೆಣಿಗೆಯ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಎಲ್ಲವೂ ಕೆಟ್ಟಿತು. ನಾನು ಅದನ್ನು ಕಣ್ಣಿನ ಹತ್ತಿರ ಹಿಡಿದು ಎಳೆಗಳನ್ನು ಹಿಂದಕ್ಕೆ ನೀವಿ, ಬೆರಳ ತುದಿಯಿಂದ ತಿರುಗಿಸಿ ಕೂರಿಸಿದೆ. ಅರ್ಧ ನಿಮಿಷದ ಕೆಲಸ. ತಲೆಯೆತ್ತಿದಾಗ ಭಾವ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಬೇಕೆಂದೇ ಅದನ್ನು ಮತ್ತೊಮ್ಮೆ ಬಿಚ್ಚಿ, ತಡವರಿಸಿ ಹಾಕಿದೆ. “ಸರಿ ಇದ್ದದ್ದನ್ನ ಯಾಕ ಬಿಚ್ಚಿದಿ?” ಎಂದು ಅವರು ಗದರಿದರು. ವೈದ್ಯರ ಮುಂದೆ ನಟಿಸುವುದು ಕಷ್ಟ.

ಮೂರನೆಯದು ದಿಕ್ಕು. ನಾನು ಗಾಡಿಗೆ ಒರಗಿ ನಿಂತು ದಿಕ್ಸೂಚಿಯಲ್ಲಿ ೧೪೨ ಡಿಗ್ರಿಯನ್ನು ಗುರುತುಮಾಡಿ, ದೂರದ ಬೇಲಿಯ ಕಂಬವೊಂದನ್ನು ಗುರಿಯಾಗಿಟ್ಟುಕೊಂಡು ಡಿಶ್ಶನ್ನು ಅತ್ತ ತಿರುಗಿಸಿದೆ. ಬಳಿಕ ಅದನ್ನು ಅಳತೆಪಟ್ಟಿಯ ಇಪ್ಪತ್ತನಾಲ್ಕಕ್ಕೆ ಇಟ್ಟು ತಿರುಪು ಬಿಗಿದೆ. ನೋಡಿದರೆ ಡಿಶ್ಶು ನೆಟ್ಟಗೆ ಗೋಡೆಯಂತೆ ನಿಂತಿದೆ. ಆಕಾಶವನ್ನಲ್ಲ, ಎದುರಿನ ಹಸುವನ್ನು ನೋಡುತ್ತಿರುವಂತಿದೆ! ತಪ್ಪಿದೆನೆಂದು ಅದರ ಮುಖವನ್ನು ಮೇಲೆತ್ತಹೊರಟಾಗ ಭಾವ ತಡೆದರು. ಈ ಬಗೆಯ ಡಿಶ್ಶಿನಲ್ಲಿ ಅಲೆಗಳು ಓರೆಯಾಗಿ ಬಂದು ಬಿದ್ದು, ಕೆಳಗೆ ಚಾಚಿದ ತೋಳಿನ ತುದಿಯಲ್ಲಿ ಸೇರುವಂತೆ ಅದರ ಬಾಗನ್ನು ರೂಪಿಸಿರುತ್ತಾರೆ. ಮುಖ ನೆಲದ ಕಡೆಗಿದ್ದಂತೆ ತೋರಿದರೂ ದೃಷ್ಟಿ ಮುಗಿಲಿನಲ್ಲಿರುತ್ತದೆ. ನನ್ನ ಕಡೆಯ ಬೆಂಚಿನ ಕೆಲವು ವಿದ್ಯಾರ್ಥಿಗಳು ಇದಕ್ಕೆ ತಿರುಗುಮುರುಗಾಗಿ ಕುಳಿತಿರುವುದು ನೆನಪಿಗೆ ಬಂತು.

ಒಳಗೆ ಅಕ್ಕ ಟೀವಿಯನ್ನು ಹಚ್ಚಿದಳು. ಪರದೆಯ ಮೇಲೆ ಎರಡು ಪಟ್ಟಿಗಳು ಮೂಡುತ್ತವೆ: ಒಂದು ಸಂಕೇತದ ಬಲವನ್ನು ತೋರಿಸುವುದು, ಇನ್ನೊಂದು ಗುಣವನ್ನು. ನಾನು ಡಿಶ್ಶನ್ನು ಅತ್ತ ಇತ್ತ ತಿರುಗಿಸತೊಡಗಿದೆ. ಮಾಪಕ ಗೊರ್ ಎನ್ನುವುದಷ್ಟೇ. ಹತ್ತು ನಿಮಿಷ, ಹದಿನೈದು ನಿಮಿಷ. ಎತ್ತರವನ್ನು ತುಸು ಏರಿಸಿದಾಗ ಇದ್ದಕ್ಕಿದ್ದಂತೆ ಮಾಪಕ ಕಿವಿ ಬಿರಿಯುವಂತೆ ಕೂಗಿತು. “ಬಂತು!” ಎಂದು ನಾನೂ ಕೂಗಿದೆ. “ಬಲ ತುಂಬ ಐತಿ, ಗುಣ ಸೊನ್ನಿ” ಎಂದು ಅಕ್ಕ ಒಳಗಿನಿಂದ ಉತ್ತರವಿತ್ತಳು.

ಭಾವ ಕಣ್ಣುಮುಚ್ಚಿ ಯೋಚಿಸಿದರು. “ನೀ ಹಿಡಿದದ್ದು ಬ್ಯಾರೆ ಉಪಗ್ರಹ. ಮಾಪಕಕ್ಕ ಯಾವುದಾದರೇನು, ಸದ್ದು ಇದ್ದರ ಕೂಗತೈತಿ. ಆ ಸದ್ದಿನಾಗ ನಮ್ಮ ಮಾತು ಐತೋ ಇಲ್ಲೋ ಅಂತ ಹೇಳೋದು ಗುಣದ ಪಟ್ಟಿ.” ಸಾಹಿತ್ಯ ವಿಮರ್ಶೆಯನ್ನು ಇಷ್ಟು ಅಡಕವಾಗಿ ಯಾರೂ ನನಗೆ ಹೇಳಿರಲಿಲ್ಲ. ೨೮.೨ರ ಪಶ್ಚಿಮಕ್ಕೆ, ೧೯.೨ ಡಿಗ್ರಿಯಲ್ಲಿ, ಯುರೋಪಿನ ಇತರ ದೇಶಗಳಿಗೆ ಬಿತ್ತರಿಸುವ ಇನ್ನೊಂದು ಗುಂಪು ನಿಂತಿದೆ. ಅಲ್ಲಿಂದ ನೋಡಿದರೆ ಅದು ಸುಮಾರು ಹತ್ತು ಡಿಗ್ರಿ ಬಲಕ್ಕೆ, ಮೂರು ಡಿಗ್ರಿ ಮೇಲಕ್ಕೆ. ನಾನು ನೇರವಾಗಿ ಅದರ ಮನೆಯ ಬಾಗಿಲು ತಟ್ಟಿದ್ದೆ. ಹತ್ತು ಡಿಗ್ರಿ ತಪ್ಪಿದ್ದು ಹೇಗೆ? ಭಾವ ಕೇಳಿದರು: “ದಿಕ್ಸೂಚಿ ಎಲ್ಲಿ ನಿಂತು ನೋಡಿದಿ?” ಗಾಡಿಗೆ ಒರಗಿ ಎಂದೆ. ಅವರು ಹಣೆ ಚಚ್ಚಿಕೊಂಡರು. ಅಷ್ಟು ಉಕ್ಕಿನ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ಉತ್ತರವನ್ನು ಮರೆತು ಗಾಡಿಯ ಕಡೆಗೆ ವಾಲುತ್ತದೆ. ದಿಕ್ಕು ತಿಳಿಯಬೇಕಾದರೆ ಮನೆಯಿಂದ ನಾಲ್ಕು ಹೆಜ್ಜೆ ಆಚೆಗೆ ಹೋಗಿ ನಿಲ್ಲಬೇಕಂತೆ.

ಅಷ್ಟರಲ್ಲಿ ಅಕ್ಕ ಚಹ ತಂದಳು. ಡಿಶ್ಶನ್ನು ನೋಡಿ, “ಅಪ್ಪನ ಸಾಲ್ಯಾಗ ಇದ್ದದ್ದು ಇದರ ಐದು ಪಟ್ಟು ಇತ್ತು. ಬೋರಲು ಬಿದ್ದ ಛತ್ರಿ ಇದ್ದಂಗ” ಎಂದಳು.

ನಮ್ಮ ತಂದೆ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ೧೯೭೫ರಲ್ಲಿ, ನಾನು ಹುಟ್ಟುವ ನಾಲ್ಕು ವರ್ಷ ಮೊದಲು, ಆ ಶಾಲೆಗೆ ಆಕಾಶದಿಂದ ಪಾಠ ಬಂತು. ಅಮೆರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ತಲುಪಿಸಿದ ಪ್ರಯೋಗ ಅದು. ‘ಸೈಟ್’ ಎಂದು ಅದರ ಚಿಕ್ಕ ಹೆಸರು. ೧೯೭೫ರ ಆಗಸ್ಟ್ ೧ರಂದು ಆರಂಭವಾಗಿ ೧೯೭೬ರ ಜುಲೈ ೩೧ರಂದು ಮುಗಿಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್ಶು. ಅದರ ಮುಖ ಪಡುವಣಕ್ಕೆ. ಅಕ್ಕನಿಗೆ ಆಗ ಏಳು ವರ್ಷ. ಸಂಜೆಯ ಹೊತ್ತು ಹೊಲದಿಂದ ಬಂದವರು ಎತ್ತುಗಳನ್ನು ಕಟ್ಟಿ ನೇರವಾಗಿ ಶಾಲೆಯ ಅಂಗಳಕ್ಕೆ ಬಂದು ಕೂರುತ್ತಿದ್ದರಂತೆ. ಅಪ್ಪ ಕಪಾಟಿನ ಬೀಗ ತೆಗೆದು ಪೆಟ್ಟಿಗೆಯನ್ನು ಒರೆಸಿ, ಗುಂಡಿ ತಿರುಗಿಸುವವರೆಗೆ ಯಾರೂ ಮಾತಾಡುತ್ತಿರಲಿಲ್ಲವಂತೆ. ವರ್ಷ ತುಂಬಿದ ಮೇಲೆ ಉಪಗ್ರಹ ತನ್ನ ದೇಶದ ಕಡೆಗೆ ಮರಳಿತು. ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು ೧೯೭೭ರಲ್ಲಿ. ನಮ್ಮ ಹಳ್ಳಿಗೆ ಅದು ನಿಲುಕಲಿಲ್ಲ. ಅಪ್ಪ ಮಾತ್ರ ಮೂಕವಾದ ಪೆಟ್ಟಿಗೆಯನ್ನು ಮುಂದೆ ಬಹಳ ದಿನ ಒರೆಸಿ ಇಡುತ್ತಿದ್ದರು. “ಆ ಮಳೆಗಾಲದಾಗ ಛತ್ರಿಗೆ ಹೀರಿಬಳ್ಳಿ ಹಬ್ಬಿತ್ತು. ಕೀಳೋಣು ಅಂದರ ಬ್ಯಾಡ ಅಂದ್ರು” ಎಂದಳು ಅಕ್ಕ.

ಇನ್ನೊಂದು ಸಂಗತಿಯನ್ನು ಭಾವ ಸೇರಿಸಿದರು. ಕ್ಲಾರ್ಕ್ ೧೯೫೬ರಿಂದ ಸಿಂಹಳದಲ್ಲಿ ನೆಲೆಸಿದ್ದರಷ್ಟೆ. ೧೯೭೫ರಲ್ಲಿ ಆ ಪ್ರಸಾರವನ್ನು ನೋಡಲೆಂದು ಭಾರತದ ಎಂಜಿನಿಯರುಗಳು ಕೊಲಂಬೋದ ಅವರ ಮನೆಗೂ ಹೋಗಿ ಅಂಥದೇ ಗ್ರಾಹಕವೊಂದನ್ನು ನಿಲ್ಲಿಸಿಕೊಟ್ಟರು. ಮೈನ್‌ಹೆಡ್ಡಿನಲ್ಲಿ ಹುಟ್ಟಿದ ಮನುಷ್ಯ ತಾನು ಕಂಡ ಕನಸನ್ನು ತನ್ನ ಮನೆಯಲ್ಲಿಯೇ ಕುಳಿತು ನೋಡಿದ್ದು ನಮ್ಮ ದೇಶದ ಉಡುಗೊರೆಯಿಂದ; ಅದೇ ದಿನಗಳಲ್ಲಿ ಅಪ್ಪ ರಾಯಚೂರಿನ ಹಳ್ಳಿಯಲ್ಲಿ ಕಪಾಟಿನ ಬೀಗ ತೆಗೆಯುತ್ತಿದ್ದರು.

ಚಹ ಮುಗಿಯಿತು. ಹುಡುಕಾಟ ಮರಳಿ ತೊಡಗಿತು. ಈ ಸಲ ಗಾಡಿಯಿಂದ ದೂರ ನಿಂತು ದಿಕ್ಕನ್ನು ಅಳೆದೆ. “ಎಡಕ್ಕ ಹತ್ತು, ಕೆಳಗ ಮೂರು. ಒಮ್ಮೆಲೆ ತಿರುವಬ್ಯಾಡ. ಕೂದಲೆಳಿಯಷ್ಟು ತಿರುವು, ಬಿಡು, ಎಣಿಸು” ಎಂದರು ಭಾವ. ಸಂಕೇತವನ್ನು ಗುರುತಿಸಲು ಪೆಟ್ಟಿಗೆಗೆ ಕೆಲವು ಕ್ಷಣ ಬೇಕು. ಅವಸರಪಟ್ಟರೆ ಅದು ಗುರುತಿಸುವ ಮೊದಲೇ ನಾವು ದಾಟಿಹೋಗಿರುತ್ತೇವೆ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ, ಉಪಗ್ರಹದ ದೂರದಲ್ಲಿ, ಸುಮಾರು ೬೮೦ ಕಿಲೋಮೀಟರ್ ತಪ್ಪಿದಂತೆ. ನಾನು ತಿರುಗಿಸಿ ಕೈಬಿಟ್ಟು ಐದು ಎಣಿಸುತ್ತಿದ್ದೆ. ಅಕ್ಕ ಒಳಗಿನಿಂದ “ಇಲ್ಲ” ಎನ್ನುತ್ತಿದ್ದಳು. ಅವಳ ದನಿ ನನಗೆ ಸ್ಪಷ್ಟವಾಗಿ ಕೇಳದ್ದರಿಂದ, ನಡುವೆ ಕುಳಿತ ಭಾವ ಅದನ್ನು ನನಗೆ ದಾಟಿಸುತ್ತಿದ್ದರು: “ಇಲ್ಲ ಅಂತ.”

ಮೂರನೆಯ “ಇಲ್ಲ”ಕ್ಕೆ ನನ್ನ ಕೈ ನಿಂತಿತು. ೧೯೮೯ರ ದೀಪಾವಳಿ. ಮದುವೆಯಾದ ವರ್ಷ, ಭಾವ ಅಳಿಯತನಕ್ಕೆ ನಮ್ಮ ಮನೆಗೆ ಬಂದಿದ್ದರು. ಭಾನುವಾರ ಬೆಳಿಗ್ಗೆ ಮಹಾಭಾರತದ ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಬರೀ ಚುಕ್ಕಿ. ಅಳಿಯ ಹೊಸ ಧೋತರವನ್ನು ಮೇಲಕ್ಕೆ ಕಟ್ಟಿ, ಅಪ್ಪ ಬೇಡವೆನ್ನುತ್ತಿದ್ದಂತೆಯೇ ಮಾಳಿಗೆ ಹತ್ತಿ, ಗಾಳಿಗೆ ತಿರುಗಿದ್ದ ಆಂಟೆನಾದ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದರು. ಒಳಗೆ ಟೀವಿಯ ಮುಂದೆ ಅಕ್ಕ. ಮೆಟ್ಟಿಲ ನಡುವೆ, ಇಬ್ಬರಿಗೂ ಕಾಣುವಂತೆ, ಹತ್ತು ವರ್ಷದ ನಾನು. “ಬಂತೇನೋ?” “ಇನ್ನಾ ಇಲ್ಲಂತ!” “ಈಗ?” “ಬಂತು, ಬಂತು… ಹೋತು!” ಅಂದು ಅವರ ಕೈ ಎಷ್ಟು ಸ್ಥಿರವಾಗಿತ್ತೆಂದರೆ, ಚಿತ್ರ ಬಂದ ಮೇಲೆ ಕೊಳವೆಯನ್ನು ಒಂದು ಕೈಯಿಂದ ಹಿಡಿದು, ಇನ್ನೊಂದರಿಂದ ತಂತಿ ಬಿಗಿದು, ಹಲ್ಲಿನಿಂದ ಅದರ ತುದಿ ಕತ್ತರಿಸಿ ಇಳಿದು ಬಂದಿದ್ದರು. ಊರಿನ ಹುಡುಗರ ಮುಂದೆ ನಾನು ಒಂದು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದ್ದೆ.

ಈಗ ಮೂವರೂ ಜಾಗ ಬದಲಾಯಿಸಿದ್ದೆವು. ಅಕ್ಕ ಮಾತ್ರ ಅಂದಿನಂತೆಯೇ ಟೀವಿಯ ಮುಂದಿದ್ದಳು.

ನಾನು ಹಿಂದಿರುಗಿ ನೋಡಿದೆ. ಭಾವನವರಿಗೂ ಅದು ನೆನಪಾಗಿತ್ತೋ ಏನೋ, ನಾನು ಕೇಳಲಿಲ್ಲ. ಅವರು ಕುರ್ಚಿಯಿಂದೆದ್ದು ಮೆಲ್ಲನೆ ನಡೆದು ಬಂದರು. ನನ್ನ ಪಕ್ಕ ಬಾಗಿ ನಿಂತು ನಡುಗುವ ಬಲಗೈಯನ್ನು ಡಿಶ್ಶಿನ ಅಂಚಿನ ಮೇಲೆ, ನನ್ನ ಕೈಯ ಮೇಲೆ ಇಟ್ಟರು. ನಡುಕ ನನ್ನ ಬೆರಳುಗಳಿಗೂ ತಿಳಿಯಿತು. “ನೀ ಹಿಡಿ, ಗಟ್ಟಿ. ನಾ ಒತ್ತತೀನಿ” ಎಂದರು. ಹಿಡಿದೆ. ಅವರು ಒತ್ತಿದ್ದು ಎಷ್ಟೆಂದು ಹೇಳಲಾರೆ. ಡಿಶ್ಶು ಸರಿದದ್ದು ಕಣ್ಣಿಗೆ ಕಾಣಲಿಲ್ಲ. ಐದು ಎಣಿಸಿದೆವು. ಒಳಗಿನಿಂದ ಅಕ್ಕನ ಕೂಗು ಕೇಳಿಸಿತು: “ಬಂತು! ಗುಣಾನೂ ಬಂತು! ಮುಟ್ಟಬ್ಯಾಡ್ರಿ, ಹಂಗ ಬಿಡ್ರಿ!”

ತಿರುಪುಗಳನ್ನು ನಾನು ಬಿಗಿದೆ. ಭಾವ ಒಂದೊಂದನ್ನೂ ನೋಡಿ ಸರಿಯೆಂದರು. ಆ ರಾತ್ರಿ ಟೀವಿಯಲ್ಲಿ ನಾವು ನೋಡಿದ್ದು ಹವಾಮಾನದ ವರದಿಯನ್ನು. ಮರುದಿನ ಮಧ್ಯಾಹ್ನದವರೆಗೆ ಮಳೆಯಿಲ್ಲ. ಅಷ್ಟು ತಿಳಿದ ಮೇಲೆ ಅಕ್ಕ ಟೀವಿ ಆರಿಸಿ ರೊಟ್ಟಿಗೆ ಹಿಟ್ಟು ನಾದಲು ಕುಳಿತಳು. ಇಷ್ಟಕ್ಕಾಗಿ ಅಷ್ಟು ಹೊತ್ತೇ ಎಂದು ವಾಚಕರು ಕೇಳಬಹುದು. ನನಗೆ ಮಾತ್ರ ಹಾಗೆ ಕೇಳುವ ಮನಸ್ಸಾಗಲಿಲ್ಲ.

ಊಟವಾದ ಮೇಲೆ ಭಾವ ಒಂದು ಹಳೆಯ ನೋಟುಪುಸ್ತಕವನ್ನು ತೆಗೆದರು. ತಂಗಿದ ಪ್ರತಿ ಊರಿನ ಹೆಸರು, ಡಿಶ್ಶಿನ ದಿಕ್ಕು, ಎತ್ತರ: ಒಂದೊಂದು ಊರಿಗೆ ಒಂದೊಂದು ಸಾಲು. ಮೊದಲ ಪುಟಗಳಲ್ಲಿ ದುಂಡಗೆ ದೊಡ್ಡದಾಗಿದ್ದ ಅಕ್ಷರ ಪುಟದಿಂದ ಪುಟಕ್ಕೆ ಸಣ್ಣದಾಗುತ್ತ, ಕಡೆಯ ಪುಟದಲ್ಲಿ ಇರುವೆಯ ಸಾಲಿನಂತಾಗಿತ್ತು. ಅಕ್ಷರ ಹೀಗೆ ಕಿರಿದಾಗುತ್ತ ಹೋಗುವುದೂ ಆ ರೋಗದ ಲಕ್ಷಣವೇ ಎಂದು ಅವರು ಪರರ ಕಾಯಿಲೆಯನ್ನು ಹೇಳುವಂತೆ ಹೇಳಿದರು. ಬಳಿಕ ಫೋನಿನ ಗಣಕವನ್ನು ಒತ್ತುತ್ತ ಏನೋ ಲೆಕ್ಕಹಾಕತೊಡಗಿದರು. ಎ.ಟಿ.ಎಸ್.-೬ ಆ ವರ್ಷ ಪೂರ್ವ ರೇಖಾಂಶ ೩೫ ಡಿಗ್ರಿಯಲ್ಲಿ ನಿಂತಿತ್ತು. ಈಗ ನಾವು ಹಿಡಿದದ್ದು ೨೮.೨. ಅಪ್ಪ ಪಡುವಣಕ್ಕೆ ನೋಡುತ್ತಿದ್ದರು, ನಾವು ಆಗ್ನೇಯಕ್ಕೆ ನೋಡುತ್ತಿದ್ದೆವು. ನೋಡುತ್ತಿದ್ದದ್ದು ಮಾತ್ರ ಆಫ್ರಿಕಾದ ಮೇಲಿನ ಅದೇ ಆಕಾಶದ ತುಂಡನ್ನು, ಏಳು ಡಿಗ್ರಿಯೂ ಅಂತರವಿಲ್ಲದ ನೆರೆಹೊರೆಯನ್ನು. ಐವತ್ತು ವರ್ಷದ ಕಾಲ, ಎರಡು ಖಂಡ, ಒಂದು ಸಂಸಾರ. ಮುಖವೆತ್ತಿದ್ದು ಒಂದೇ ಕಡೆಗೆ.

ಮರುದಿನ ಬೆಳಿಗ್ಗೆ ಡಿಶ್ಶನ್ನು ಬಿಚ್ಚಿ ಚೀಲಕ್ಕೆ ಹಾಕಿದ ಮೇಲೆ ಭಾವ ನೋಟುಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆಗೆ ಸರಿಸಿದರು. “ನೀ ಬರಿ. ಕನ್ನಡದಾಗ ಬರಿ.” ‘ಮೈನ್‌ಹೆಡ್: ದಿಕ್ಕು ೧೪೨, ಎತ್ತರ ೨೪’ ಎಂದು ಬರೆದೆ. ಮುಚ್ಚಹೋದಾಗ ಅವರು ತಡೆದು ಮೊದಲ ಪುಟವನ್ನು ತಿರುವಿ, ಎಲ್ಲ ಊರುಗಳಿಗಿಂತ ಮೇಲೆ, ಅಂಚಿನಲ್ಲಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟರು. ರಾತ್ರಿ ಲೆಕ್ಕಹಾಕಿದ ಅಂಕಿಗಳನ್ನು ಅವರು ಹೇಳಿದರು, ನಾನು ಬರೆದುಕೊಂಡೆ: ‘ಅಪ್ಪನ ಶಾಲೆ, ೧೯೭೫: ದಿಕ್ಕು ೨೫೩, ಎತ್ತರ ೩೮.’

ಅಕ್ಕ ಎಂಜಿನ್ನನ್ನು ಚಾಲೂ ಮಾಡಿ, “ಆತೇನ್ರಿ? ಇವತ್ತ ಎಲ್ಲಿಗೆ?” ಎಂದು ಕೇಳಿದಳು. ಭಾವ ನೋಟುಪುಸ್ತಕವನ್ನು ನನ್ನಿಂದ ತೆಗೆದುಕೊಂಡು ಕಡೆಯ ಪುಟವನ್ನು ಬಿಡಿಸಿ ನೋಡಿದರು. “ಇನ್ನಾ ಅರ್ಧ ಪುಟ ಐತಿ” ಎಂದರು.